ಗೆದ್ದ ಮೇಲೆ ಊರಿಗೆ ಮರಳಿದ ಓಟಗಾರ: ಜಮೈಕದ ಡಾ. ಆರ್ಥರ್ ವಿಂಟ್

ಜಮೈಕ ಎಂದೊಡನೆ ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಮೊದಲು ನೆನಪಾಗುವುದು ಕ್ರಿಕೆಟ್. 1971ರಲ್ಲಿ ಕಿಂಗ್‌ಸ್ಟನ್ನಿನಲ್ಲಿ ದಿಲೀಪ್ ಸರ್ದೇಸಾಯಿ ಹೊಡೆದ ದ್ವಿಶತಕ, 1976ರಲ್ಲಿ ಅದೇ ಮೈದಾನದಲ್ಲಿ ಹೋಲ್ಡಿಂಗ್ ಅವರ ಬಿರುಸಿನ ಎಸೆತಗಳ ಎದುರು ಬೆರಳು ಮುರಿದುಕೊಂಡ ನಮ್ಮ ಗುಂಡಪ್ಪ ವಿಶ್ವನಾಥ್ – ಇವೆಲ್ಲ ಹಿರಿಯರ ಮಾತಿನಲ್ಲಿ ಇಂದಿಗೂ ಬಂದುಹೋಗುತ್ತವೆ. ಕಿರಿಯರಿಗಾದರೋ ಜಮೈಕ ಎಂದರೆ ಉಸೇನ್ ಬೋಲ್ಟ್. 2008, 2012 ಮತ್ತು 2016ರ ಮೂರು ಒಲಿಂಪಿಕ್ಸ್‌ಗಳಲ್ಲಿಯೂ 100 ಮತ್ತು 200 ಮೀಟರ್ ಓಟಗಳೆರಡನ್ನೂ ಗೆದ್ದ ವೀರ. ಆದರೆ ಬೋಲ್ಟ್ ಹುಟ್ಟುವುದಕ್ಕೆ 38 ವರ್ಷ ಮೊದಲೇ ಆ ದ್ವೀಪಕ್ಕೆ ಮೊತ್ತಮೊದಲ ಒಲಿಂಪಿಕ್ ಚಿನ್ನವನ್ನು ತಂದುಕೊಟ್ಟವರು ಒಬ್ಬರಿದ್ದರು. ಅವರು ವೃತ್ತಿಯಿಂದ ಓಟಗಾರರಾಗಿರಲಿಲ್ಲ. ಮೊದಲು ಯುದ್ಧ ವಿಮಾನದ ಚಾಲಕರು, ಆ ಬಳಿಕ ವೈದ್ಯ ವಿದ್ಯಾರ್ಥಿ, ಕೊನೆಗೆ ಹಳ್ಳಿಗಾಡಿನ ಡಾಕ್ಟರು. ಹೆಸರು ಆರ್ಥರ್ ವಿಂಟ್.

ಓಡಿ ಗೆದ್ದವರ ಕತೆಗಳು ಲೋಕದಲ್ಲಿ ಬೇಕಾದಷ್ಟಿವೆ. ಗೆದ್ದ ಬಳಿಕ ಅವರೇನು ಮಾಡಿದರು ಎಂದು ಕೇಳಿದರೆ ಅನೇಕ ಕತೆಗಳು ಅಲ್ಲಿಗೇ ಮುಗಿದುಹೋಗುತ್ತವೆ. ವಿಂಟ್ ಅವರ ಕತೆ ಹಾಗಲ್ಲ. ಪದಕಗಳ ಆಚೆಗೂ ಅದು ಸಾಗುತ್ತದೆ. ಇಂದು ನಾವು ಅದನ್ನು ನಮ್ಮ ಓದುಗರ ಮುಂದಿಡಲು ಅದೇ ಮುಖ್ಯ ಕಾರಣ.

ಪುಟ್ಟ ದ್ವೀಪದ ಪಾದ್ರಿಯ ಮಗ

ಜಮೈಕ ಕೆರಿಬಿಯನ್ ಸಮುದ್ರದ ಒಂದು ದ್ವೀಪ. ವಿಸ್ತೀರ್ಣ ಸುಮಾರು 11,000 ಚದರ ಕಿಲೋಮೀಟರ್. ಅಂದರೆ ಉತ್ತರ ಕನ್ನಡ ಜಿಲ್ಲೆಗಿಂತ ಅಷ್ಟೇನೂ ದೊಡ್ಡದಲ್ಲ. ಮೂರು ಶತಮಾನಗಳ ಕಾಲ ಅದು ಬ್ರಿಟಿಷರ ವಸಾಹತಾಗಿತ್ತು. ಕಬ್ಬಿನ ತೋಟಗಳ ದುಡಿಮೆಗಾಗಿ ಆಫ್ರಿಕದಿಂದ ಗುಲಾಮರನ್ನು ತಂದು ತುಂಬಿದ ನೆಲ ಅದು. ಗುಲಾಮಗಿರಿ ನಿಂತ ಮೇಲೆ, 1845ರಿಂದ, ನಮ್ಮ ದೇಶದಿಂದಲೂ ಕೂಲಿ ಕರಾರಿನ ಮೇಲೆ ಸಾವಿರಾರು ಮಂದಿಯನ್ನು ಹಡಗುಗಳಲ್ಲಿ ಅಲ್ಲಿಗೆ ಒಯ್ಯಲಾಯಿತು. ಅವರ ಸಂತತಿಯವರು ಈಗಲೂ ಅಲ್ಲಿದ್ದಾರೆ.

ಆ ದ್ವೀಪದಲ್ಲಿ ಮ್ಯಾಂಚೆಸ್ಟರ್ ಎಂಬ ಹೆಸರಿನ ಒಂದು ಪ್ಯಾರಿಷ್ ಇದೆ. ಪ್ಯಾರಿಷ್ ಎಂದರೆ ನಮ್ಮ ತಾಲೂಕಿನಂಥ ಒಂದು ಆಡಳಿತ ವಿಭಾಗ. ದ್ವೀಪದಲ್ಲಿ ಅಂಥವು ಒಟ್ಟು 14. ಮ್ಯಾಂಚೆಸ್ಟರಿನ ಪ್ಲೌಡೆನ್ ಎಂಬ ಊರಿನಲ್ಲಿ 1920ರ ಮೇ 25ರಂದು ಆರ್ಥರ್ ವಿಂಟ್ ಜನಿಸಿದರು. ತಂದೆ ಕ್ರೈಸ್ತ ಧರ್ಮದ ಪಾದ್ರಿ. ದೊಡ್ಡ ಸಿರಿವಂತಿಕೆ ಇಲ್ಲದ, ವಿದ್ಯೆಗೂ ಶಿಸ್ತಿಗೂ ಬೆಲೆಯಿದ್ದ ಮನೆತನ.

ಹುಡುಗ ಕಿಂಗ್‌ಸ್ಟನ್ನಿನ ಕ್ಯಾಲಬಾರ್ ಹೈಸ್ಕೂಲಿನಲ್ಲಿಯೂ ಅನಂತರ ಎಕ್ಸೆಲ್ಸಿಯರ್ ಶಾಲೆಯಲ್ಲಿಯೂ ಓದಿದ. ಬೆಳೆದು ನಿಂತಾಗ ಎತ್ತರ ಆರಡಿ ನಾಲ್ಕಂಗುಲ. ನೀಳವಾದ ಕಾಲುಗಳು. ಓಟದ ಜತೆಗೆ ಎತ್ತರ ಜಿಗಿತ, ಉದ್ದ ಜಿಗಿತಗಳಲ್ಲಿಯೂ ಕೈಯಾಡಿಸಿದ್ದುಂಟು. ಬೇರೆಯವರು ಮೂರು ಹೆಜ್ಜೆ ಹಾಕುವಲ್ಲಿ ಇವನಿಗೆ ಎರಡೇ ಸಾಕು ಎಂಬಂತೆ ಕಾಣುತ್ತಿದ್ದ ಆ ದಾಪುಗಾಲು ಮುಂದೆ ಜಗತ್ತಿನಲ್ಲೆಲ್ಲ ಹೆಸರಾಯಿತು. 1937ರಲ್ಲಿ ಜಮೈಕದ ವರ್ಷದ ಬಾಲ ಕ್ರೀಡಾಪಟು ಎಂಬ ಮನ್ನಣೆ ದೊರೆಯಿತು. ಮರುವರ್ಷ, 1938ರಲ್ಲಿ, ಪನಾಮದಲ್ಲಿ ನಡೆದ ಮಧ್ಯ ಅಮೆರಿಕ ಕ್ರೀಡಾಕೂಟದ 800 ಮೀಟರ್ ಓಟದಲ್ಲಿ ಚಿನ್ನದ ಪದಕ. ಆಗ ವಯಸ್ಸು ಕೇವಲ 17.

800 ಮೀಟರ್ ಓಟದ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ನೂರು ಮೀಟರ್ ಓಡುವವನಿಗೆ ವೇಗವಿದ್ದರೆ ಸಾಕು. ಮೈಲುಗಟ್ಟಲೆ ಓಡುವವನಿಗೆ ದಮ್ಮು ಇರಬೇಕು. ಮೈದಾನಕ್ಕೆ ಎರಡು ಸುತ್ತು ಹಾಕುವ 800 ಮೀಟರಿಗೆ ಇವೆರಡೂ ಬೇಕು. ಜತೆಗೆ ಯಾವಾಗ ಮುನ್ನುಗ್ಗಬೇಕು, ಯಾವಾಗ ತಡೆದುಕೊಳ್ಳಬೇಕು ಎಂಬ ಲೆಕ್ಕಾಚಾರವೂ ಬೇಕು. ಮೊದಲ ಸುತ್ತಿನಲ್ಲಿ ದುಂದು ಮಾಡಿದವನು ಎರಡನೆಯದರಲ್ಲಿ ಬೆಲೆ ತೆರುತ್ತಾನೆ. ಒಂದು ಸುತ್ತಿನ 400 ಮೀಟರ್ ಓಟದಲ್ಲಿಯೂ ಎರಡು ಸುತ್ತಿನ 800ರಲ್ಲಿಯೂ ಏಕಕಾಲಕ್ಕೆ ಲೋಕದ ಅಗ್ರಪಂಕ್ತಿಯಲ್ಲಿ ನಿಲ್ಲಬಲ್ಲವರು ತೀರ ವಿರಳ. ವಿಂಟ್ ಅಂಥವರಲ್ಲೊಬ್ಬರು.

ಯುದ್ಧ ನುಂಗಿದ ವರ್ಷಗಳು

ಓಟಗಾರನ ಬಾಳಿನಲ್ಲಿ ಇಪ್ಪತ್ತರಿಂದ ಇಪ್ಪತ್ತೆಂಟರವರೆಗಿನ ವರ್ಷಗಳೇ ಬಂಗಾರದ ವರ್ಷಗಳು. ವಿಂಟ್ ಅವರಿಗೆ ಇಪ್ಪತ್ತು ತುಂಬಿದಾಗ 1940ರ ಒಲಿಂಪಿಕ್ಸ್ ನಡೆಯಬೇಕಿತ್ತು, ಇಪ್ಪತ್ತನಾಲ್ಕು ತುಂಬಿದಾಗ 1944ರದು. ಎರಡನೆಯ ಮಹಾಯುದ್ಧದಿಂದಾಗಿ ಎರಡೂ ನಡೆಯಲಿಲ್ಲ. 1936ರ ಬರ್ಲಿನ್ ಕೂಟದ ನಂತರ 12 ವರ್ಷ ಜಗತ್ತಿನಲ್ಲಿ ಒಲಿಂಪಿಕ್ಸ್ ಎಂಬುದೇ ಇರಲಿಲ್ಲ. ಆ ಅವಧಿಯಲ್ಲಿ ಎಷ್ಟು ದೇಶಗಳ ಎಷ್ಟು ಓಟಗಾರರ ಕಾಲುಗಳು ಕಂದಕಗಳಲ್ಲಿ ಹೂತುಹೋದವೋ ಲೆಕ್ಕವಿಟ್ಟವರಿಲ್ಲ.

1942ರಲ್ಲಿ ವಿಂಟ್ ವಾಯುಪಡೆಯ ತರಬೇತಿಗೆ ಸೇರಿದರು. ಅವರ ಇಬ್ಬರು ಸೋದರರೂ ಬ್ರಿಟಿಷ್ ವಾಯುಪಡೆಯನ್ನು ಸೇರಿದರು. ಯುದ್ಧಕ್ಕೆ ಮೊದಲು ಬ್ರಿಟಿಷ್ ವಾಯುಪಡೆಯ ಅಧಿಕಾರಿ ಹುದ್ದೆಗಳು ಯುರೋಪಿಯನ್ ಮೂಲದ ಬಿಳಿಯರಿಗೆ ಮಾತ್ರ ಎಂಬ ನಿಯಮವಿತ್ತು. ಯುದ್ಧ ಆರಂಭವಾಗಿ ಜನ ಬೇಕಾದಾಗ, 1939ರಲ್ಲಿ, ಆ ತಡೆಯನ್ನು ತೆಗೆದರು. ವೆಸ್ಟ್ ಇಂಡೀಸಿನ ದ್ವೀಪಗಳಿಂದ ಸಾವಿರಾರು ಯುವಕರು ಹೋಗಿ ಸೇರಿದ್ದು ಆ ಮೇಲೆ. ವಿಂಟ್ ಅವರಿಗೆ ಕೆನಡಾದಲ್ಲಿ ವಿಮಾನ ಚಾಲನೆಯ ತರಬೇತಿ ನಡೆಯಿತು. ಅಲ್ಲಿಯೂ ಅವರ ಕಾಲು ಸುಮ್ಮನಿರಲಿಲ್ಲ. ತರಬೇತಿಯ ನಡುವೆಯೇ ಕೆನಡಾದ 400 ಮೀಟರ್ ದಾಖಲೆಯನ್ನು ಮುರಿದರು. 1944ರಲ್ಲಿ ಯುದ್ಧ ವಿಮಾನದ ಚಾಲಕರಾಗಿ ಬ್ರಿಟನ್ನಿಗೆ ಬಂದರು.

ಯುದ್ಧ ಮುಗಿಯಿತು. ಜೀವಸಹಿತ ಉಳಿದವರು ಮುಂದೇನು ಎಂದು ಯೋಚಿಸಬೇಕಾದ ಕಾಲ. ವಾಯುಪಡೆಯಲ್ಲಿ ಅಧಿಕಾರಿಯಾಗಿ ಮುಂದುವರಿಯುವ ಬದಲು ವಿಂಟ್ 1947ರಲ್ಲಿ ಸೇವೆಯನ್ನು ಬಿಟ್ಟರು. ಲಂಡನ್ನಿನ ಸೇಂಟ್ ಬಾರ್ತಲೊಮ್ಯೂ ಆಸ್ಪತ್ರೆಯ ಕಾಲೇಜಿನಲ್ಲಿ ವೈದ್ಯ ವಿದ್ಯಾರ್ಥಿಯಾಗಿ ಸೇರಿದರು. 1123ರಷ್ಟು ಹಿಂದೆ ಸ್ಥಾಪನೆಯಾದ ಆಸ್ಪತ್ರೆ ಅದು. ಜತೆಯ ವಿದ್ಯಾರ್ಥಿಗಳಲ್ಲಿ ಶಾಲೆಯಿಂದ ನೇರವಾಗಿ ಬಂದ ಎಳೆಯರಿದ್ದರು. ಇವರಿಗೆ 27 ವರ್ಷ. ಹಗಲು ಪಾಠ, ಆಸ್ಪತ್ರೆಯ ವಾರ್ಡುಗಳ ತಿರುಗಾಟ. ಉಳಿದ ವೇಳೆಯಲ್ಲಿ ಓಟದ ಅಭ್ಯಾಸ. ಈಗಿನಂತೆ ತರಬೇತುದಾರರ ಪಡೆ, ಆಹಾರ ತಜ್ಞರು, ಸರಕಾರದ ಸಹಾಯಧನ ಯಾವುದೂ ಇಲ್ಲದ ದಿನಗಳು ಅವು. ಬ್ರಿಟನ್ನಿನಲ್ಲಿ ಅಂದು ಆಹಾರಕ್ಕೇ ರೇಷನ್. ಆದರೂ 440 ಗಜ ಮತ್ತು 880 ಗಜದ ಓಟಗಳಲ್ಲಿ ಬ್ರಿಟನ್ನಿನ ಚಾಂಪಿಯನ್ ಪಟ್ಟಗಳನ್ನು ಅವರು ಗೆದ್ದರು.

ವೆಂಬ್ಲಿಯ ಆ ಎಂಟು ಹತ್ತು ದಿನಗಳು

1948ರ ಒಲಿಂಪಿಕ್ಸ್ ಲಂಡನ್ನಿನಲ್ಲಿ ನಡೆಯಿತು. ಬಾಂಬುಗಳ ಪೆಟ್ಟಿನಿಂದ ಇನ್ನೂ ಚೇತರಿಸಿಕೊಳ್ಳದ ನಗರ. ಹೊಸ ಕ್ರೀಡಾಂಗಣ ಕಟ್ಟುವ ಶಕ್ತಿ ಇರಲಿಲ್ಲ. ಇದ್ದ ವೆಂಬ್ಲಿ ಕ್ರೀಡಾಂಗಣದಲ್ಲಿಯೇ ಓಟದ ಹಾದಿಯನ್ನು ಹಾಸಿದರು. ಕ್ರೀಡಾಪಟುಗಳಿಗೆ ಸೈನಿಕರ ಬಿಡಾರಗಳಲ್ಲಿ, ಕಾಲೇಜುಗಳಲ್ಲಿ ವಸತಿ. ನಮ್ಮ ದೇಶಕ್ಕೂ ಅದು ಮರೆಯಲಾಗದ ಕೂಟ. ಸ್ವತಂತ್ರ ಭಾರತದ ಹಾಕಿ ತಂಡ ಬ್ರಿಟನ್ನನ್ನು 4-0ರಿಂದ ಸೋಲಿಸಿ ಚಿನ್ನ ಗೆದ್ದದ್ದು ಅದೇ ವೆಂಬ್ಲಿಯಲ್ಲಿ, ಅದೇ ಆಗಸ್ಟ್ ತಿಂಗಳಲ್ಲಿ.

ಭಾರತಕ್ಕೆ ಅಷ್ಟರಲ್ಲಿ ತನ್ನ ಧ್ವಜವಿತ್ತು. ಜಮೈಕಕ್ಕೆ ಅದೂ ಇರಲಿಲ್ಲ. ಅದು ಸ್ವತಂತ್ರವಾಗಲು ಇನ್ನೂ 14 ವರ್ಷ ಇತ್ತು. ಆದರೆ ತನ್ನದೇ ಹೆಸರಿನಲ್ಲಿ ತಂಡವನ್ನು ಕಳಿಸುವ ಅವಕಾಶ ಆ ವರ್ಷ ಮೊದಲ ಬಾರಿಗೆ ದೊರೆತಿತ್ತು. ಒಲಿಂಪಿಕ್ಸಿಗೆ ಕೆಲವೇ ವಾರ ಮೊದಲು, ಜೂನ್ ತಿಂಗಳಲ್ಲಿ, ವಿಂಡ್‌ರಷ್ ಎಂಬ ಹಡಗು ಜಮೈಕದಿಂದ ನೂರಾರು ಮಂದಿ ಉದ್ಯೋಗಾರ್ಥಿಗಳನ್ನು ಇಂಗ್ಲೆಂಡಿಗೆ ತಂದು ಇಳಿಸಿತ್ತು. ಕರಿಯರು ಬಂದರಲ್ಲ ಎಂದು ಅಲ್ಲಿನ ಕೆಲವರು ಮುಖ ಸಿಂಡರಿಸಿದ ಕಾಲ ಅದು. ಅಂಥ ಹೊತ್ತಿನಲ್ಲಿ ಅದೇ ಜಮೈಕದ ಓಟಗಾರರು ಲಂಡನ್ನಿನ ಅಂಗಳಕ್ಕಿಳಿದರು.

ಮೊದಲು ಬಂದದ್ದು 800 ಮೀಟರ್. ಆಗಸ್ಟ್ 2ರಂದು ಅಂತಿಮ ಓಟ. ವಿಂಟ್ ಅವರಿಗೆ ಎದುರಾಳಿಯಾಗಿ ನಿಂತವರು ಅಮೆರಿಕದ ಮ್ಯಾಲ್ ವಿಟ್‌ಫೀಲ್ಡ್. ಇವರಂತೆಯೇ ಕರಿಯ, ಇವರಂತೆಯೇ ವಾಯುಪಡೆಯವರು. ವಿಟ್‌ಫೀಲ್ಡ್ 1 ನಿಮಿಷ 49.2 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಒಲಿಂಪಿಕ್ ದಾಖಲೆ ಸ್ಥಾಪಿಸಿದರು. ವಿಂಟ್ 1 ನಿಮಿಷ 49.5 ಸೆಕೆಂಡು. ಸೆಕೆಂಡಿನ ಹತ್ತರಲ್ಲಿ ಮೂರು ಪಾಲಿನ ಅಂತರದಿಂದ ಬೆಳ್ಳಿ.

ಮೂರು ದಿನ ಕಳೆದು, ಆಗಸ್ಟ್ 5ರಂದು, 400 ಮೀಟರ್. ಗೆಲ್ಲುವವರು ಯಾರೆಂಬ ಬಗ್ಗೆ ಯಾರಿಗೂ ಸಂದೇಹವಿರಲಿಲ್ಲ. ಜಮೈಕದವರೇ ಆದ ಹರ್ಬ್ ಮೆಕೆನ್ಲಿ ಕೇವಲ ಒಂದು ತಿಂಗಳ ಹಿಂದೆ ಅಮೆರಿಕದಲ್ಲಿ 45.9 ಸೆಕೆಂಡುಗಳ ವಿಶ್ವದಾಖಲೆ ಮಾಡಿದ್ದರು. ಮೆಕೆನ್ಲಿ ತಮ್ಮ ರೀತಿಯಂತೆ ಆರಂಭದಿಂದಲೇ ಸಿಡಿದು ಓಡಿದರು. ಕೊನೆಯ ನೇರ ಹಾದಿಗೆ ಬಂದಾಗ ಅವರೇ ಮುಂದು. ಆದರೆ ಹಿಂದಿನಿಂದ ಆ ದೈತ್ಯ ಹೆಜ್ಜೆಗಳು ಒಂದೊಂದಾಗಿ ಅಂತರವನ್ನು ನುಂಗುತ್ತ ಬಂದವು. ಮೆಕೆನ್ಲಿ ಅವರ ಕಾಲು ಭಾರವಾಯಿತು. ಗುರಿಗೆ ಸ್ವಲ್ಪ ದೂರವಿರುವಾಗ ವಿಂಟ್ ದಾಟಿದರು. 46.2 ಸೆಕೆಂಡು, ಒಲಿಂಪಿಕ್ ದಾಖಲೆಗೆ ಸಮ. ಮೆಕೆನ್ಲಿ 46.4. ಮೂರನೆಯ ಸ್ಥಾನ ವಿಟ್‌ಫೀಲ್ಡ್ ಅವರದು. ಹದಿಮೂರು ಹದಿನಾಲ್ಕು ಲಕ್ಷ ಜನರ ವಸಾಹತು ದ್ವೀಪವೊಂದು ತನ್ನ ಮೊದಲ ಒಲಿಂಪಿಕ್ಸಿನಲ್ಲಿಯೇ ಚಿನ್ನ ಬೆಳ್ಳಿಗಳೆರಡನ್ನೂ ಒಂದೇ ಓಟದಲ್ಲಿ ಬಾಚಿಕೊಂಡಿತು.

ಇಷ್ಟಕ್ಕೇ ನಿಂತಿದ್ದರೆ ಅದು ಸುಖಾಂತ ಕತೆ. ಆದರೆ ಇನ್ನೂ ಒಂದು ಓಟ ಬಾಕಿಯಿತ್ತು.

ಅರ್ಧಕ್ಕೆ ನಿಂತ ರಿಲೇ

ಆಗಸ್ಟ್ 7ರಂದು ನಾಲ್ಕು ಮಂದಿಯ 400 ಮೀಟರ್ ರಿಲೇ ಓಟ. ಒಬ್ಬೊಬ್ಬರು ಒಂದೊಂದು ಸುತ್ತು ಓಡಿ, ಕೈಯಲ್ಲಿರುವ ಬ್ಯಾಟನ್ನನ್ನು ಮುಂದಿನವರಿಗೆ ದಾಟಿಸಬೇಕು. ಜಮೈಕದ ತಂಡದಲ್ಲಿ ಜಾರ್ಜ್ ರೋಡನ್, ಲೆಸ್ ಲೇಂಗ್, ವಿಂಟ್ ಮತ್ತು ಮೆಕೆನ್ಲಿ. ಹಿಂದಿನ ಎಂಟೊಂಬತ್ತು ದಿನಗಳಲ್ಲಿ ವಿಂಟ್ ಪ್ರಾಥಮಿಕ ಸುತ್ತುಗಳೂ ಸೇರಿ ದಿನಕ್ಕೊಂದರಂತೆ ಓಡುತ್ತಲೇ ಬಂದಿದ್ದರು. ಮೂರನೆಯವರಾಗಿ ಬ್ಯಾಟನ್ ಪಡೆದು, ಮುಂದಿದ್ದ ಅಮೆರಿಕದವರನ್ನು ಹಿಡಿಯುವ ಸಾಹಸದಲ್ಲಿದ್ದಾಗ ಅವರ ಕಾಲಿನ ಸ್ನಾಯು ಹಿಡಿದುಕೊಂಡಿತು. ಹಾದಿಯಲ್ಲೇ ಕುಸಿದರು. ಆಚೆ ತುದಿಯಲ್ಲಿ ಮೆಕೆನ್ಲಿ ಬ್ಯಾಟನ್ನಿಗಾಗಿ ಕೈ ಚಾಚುವ ಗಳಿಗೆ ಬರಲೇ ಇಲ್ಲ. ಚಿನ್ನ ಅಮೆರಿಕದ ಪಾಲಾಯಿತು.

ಒಬ್ಬನೇ ಓಡುವಾಗ ಬಿದ್ದರೆ ಆ ನೋವು ಒಬ್ಬನದು. ರಿಲೇಯಲ್ಲಿ ಬಿದ್ದವನು ಇನ್ನು ಮೂವರನ್ನು ತನ್ನೊಡನೆ ಬೀಳಿಸಿದಂತಾಗುತ್ತದೆ. ಅದರಲ್ಲಿಯೂ, ಎರಡು ದಿನ ಹಿಂದೆ ಯಾರ ಕೈಯಿಂದ ಚಿನ್ನವನ್ನು ತಪ್ಪಿಸಿ ತಾವು ಪಡೆದಿದ್ದರೋ ಆ ಮೆಕೆನ್ಲಿಯ ಕೊನೆಯ ಆಸೆಯೂ ಅಲ್ಲಿಗೆ ಮುರಿದಿತ್ತು. ತಪ್ಪು ಯಾರದೂ ಅಲ್ಲ, ಶರೀರದ್ದು. ಆದರೂ ಇಂಥ ಬಾಕಿಗಳನ್ನು ನಮ್ಮ ಹಿರಿಯರು ಋಣವೆಂದೇ ಕರೆಯುತ್ತಿದ್ದರು.

ಆ ನಾಲ್ವರಲ್ಲಿ ಒಬ್ಬರೂ ಓಟ ಬಿಡಲಿಲ್ಲ. ರೋಡನ್ 1950ರಲ್ಲಿ 400 ಮೀಟರನ್ನು 45.8 ಸೆಕೆಂಡುಗಳಲ್ಲಿ ಓಡಿ ಮೆಕೆನ್ಲಿಯ ವಿಶ್ವದಾಖಲೆಯನ್ನು ಮುರಿದರು. ವಿಂಟ್ ಮರಳಿ ಲಂಡನ್ನಿನ ಆಸ್ಪತ್ರೆಗೆ, ಪುಸ್ತಕಗಳಿಗೆ, ರೋಗಿಗಳ ಹಾಸಿಗೆಯ ಬಳಿಗೆ ಹೋದರು. ಮದುವೆಯಾದರು. ವಯಸ್ಸು ಮೂವತ್ತು ದಾಟಿತು. ಓಟಗಾರರು ನಿವೃತ್ತರಾಗುವ ವಯಸ್ಸದು. ಅತ್ತ ಅವರ ಎದುರಾಳಿ ವಿಟ್‌ಫೀಲ್ಡ್ ಕೊರಿಯಾ ಯುದ್ಧದಲ್ಲಿ ಬಾಂಬರ್ ವಿಮಾನದ ಗನ್ನರ್ ಆಗಿ 27 ಬಾರಿ ಹಾರಿ ಬಂದರು. ಓಡುವವರಿಗೆ ಬಿಡುವು ಕೊಡದ ಕಾಲ ಅದು.

ಹೆಲ್ಸಿಂಕಿಯಲ್ಲಿ ತೀರಿದ ಬಾಕಿ

1952ರ ಒಲಿಂಪಿಕ್ಸ್ ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿ. ಕುಸ್ತಿಪಟು ಖಾಶಾಬಾ ಜಾಧವ್ ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಸ್ಪರ್ಧೆಯ ಮೊದಲ ಪದಕವನ್ನು ಗಳಿಸಿಕೊಟ್ಟ ಕೂಟವೆಂದು ಅದನ್ನು ನಮ್ಮ ಓದುಗರು ಬಲ್ಲರು. ವಿಂಟ್ ಅವರಿಗೆ ಆಗ 32 ವರ್ಷ. ಜುಲೈ 22ರಂದು 800 ಮೀಟರ್ ಅಂತಿಮ ಓಟ. ಮತ್ತೆ ಅದೇ ವಿಟ್‌ಫೀಲ್ಡ್, ಮತ್ತೆ ಅದೇ 1 ನಿಮಿಷ 49.2 ಸೆಕೆಂಡು. ವಿಂಟ್ 1 ನಿಮಿಷ 49.4. ನಾಲ್ಕು ವರ್ಷಗಳಲ್ಲಿ ವಯಸ್ಸು ಏರಿತ್ತು, ವೇಗ ಇಳಿದಿರಲಿಲ್ಲ. ಲಂಡನ್ನಿಗಿಂತ ಒಂದು ಹತ್ತಾಂಶ ಸೆಕೆಂಡು ಬೇಗನೆಯೇ ಮುಟ್ಟಿದ್ದರು. ಆದರೂ ಮತ್ತೆ ಬೆಳ್ಳಿ. ಒಬ್ಬನೇ ಎದುರಾಳಿಗೆ ಎರಡು ಒಲಿಂಪಿಕ್ಸ್‌ಗಳಲ್ಲಿ ಕೂದಲೆಳೆಯಷ್ಟರಲ್ಲಿ ಸೋತವರು ಓಟದ ಚರಿತ್ರೆಯಲ್ಲಿ ಹೆಚ್ಚಿಲ್ಲ.

400 ಮೀಟರಿನಲ್ಲಿ ವಿಂಟ್ ಐದನೆಯವರಾದರು. ಗೆದ್ದವರು ರೋಡನ್, 45.9 ಸೆಕೆಂಡು. ಎರಡನೆಯವರು ಮೆಕೆನ್ಲಿ, ಅವರಿಗೂ 45.9. ಇದಕ್ಕೆ ಕೆಲವು ದಿನ ಮೊದಲು 100 ಮೀಟರಿನಲ್ಲಿಯೂ ಮೆಕೆನ್ಲಿ ವಿಜೇತನಷ್ಟೇ ಹೊತ್ತಿನಲ್ಲಿ ಓಡಿ, ಛಾಯಾಚಿತ್ರ ನೋಡಿ ತೀರ್ಪು ಕೊಟ್ಟಾಗ ಎರಡನೆಯವರಾಗಿದ್ದರು. ಹೀಗೆ ಎರಡು ಒಲಿಂಪಿಕ್ಸ್‌ಗಳಲ್ಲಿ ಮೂರು ಬೆಳ್ಳಿ, ಚಿನ್ನ ಒಂದೂ ಇಲ್ಲ. ಜುಲೈ 27ರ ರಿಲೇ ಒಂದೇ ಉಳಿದದ್ದು.

ಲಂಡನ್ನಿನಲ್ಲಿ ಅರ್ಧಕ್ಕೆ ನಿಂತ ಅದೇ ನಾಲ್ವರು ಮತ್ತೆ ಹಾದಿಗಿಳಿದರು. ಈ ಸಲ ಮೊದಲು ಓಡಿದವರು ವಿಂಟ್. 46.8 ಸೆಕೆಂಡುಗಳಲ್ಲಿ ತಮ್ಮ ಸುತ್ತು ಮುಗಿಸಿದರು. ಅಮೆರಿಕದವರಿಗಿಂತ ಒಂದು ಹತ್ತಾಂಶ ಸೆಕೆಂಡು ಮಾತ್ರ ಹಿಂದೆ. ಈ ಬಾರಿ ಕಾಲು ಕೈಕೊಡಲಿಲ್ಲ. ಬ್ಯಾಟನ್ ಸುರಕ್ಷಿತವಾಗಿ ಲೇಂಗ್ ಅವರ ಕೈ ಸೇರಿತು. ಲೇಂಗ್ ಮುಖ್ಯವಾಗಿ ಕಡಿಮೆ ದೂರದ ಓಟಗಾರರು. 47 ಸೆಕೆಂಡು ತೆಗೆದುಕೊಂಡರು. ಅಷ್ಟರಲ್ಲಿ ಅಮೆರಿಕದ ಎರಡನೆಯವನು 45.5ರಲ್ಲಿ ಹಾರಿಹೋಗಿದ್ದ. ಮೂರನೆಯವರಾಗಿ ಮೆಕೆನ್ಲಿ ಬ್ಯಾಟನ್ ಹಿಡಿದಾಗ ಅಮೆರಿಕ 1.6 ಸೆಕೆಂಡು ಮುಂದೆ. ಹಾದಿಯ ಮೇಲೆ ಅದೆಂದರೆ ಹತ್ತು ಹನ್ನೆರಡು ಮೀಟರುಗಳ ಅಂತರ. ಅವರ ಮುಂದೆ ಓಡುತ್ತಿದ್ದವರು ಆ ಕೂಟದ 400 ಮೀಟರ್ ಹರ್ಡಲ್ಸ್ ವಿಜೇತ ಚಾರ್ಲ್ಸ್ ಮೂರ್.

ಆಮೇಲೆ ನಡೆದದ್ದನ್ನು ಓಟದ ಬಗ್ಗೆ ಬರೆಯುವವರು ಇಂದಿಗೂ ಮರೆತಿಲ್ಲ. ಸಾಮಾನ್ಯವಾಗಿ ಮೊದಲೇ ಸಿಡಿದು ಕೊನೆಗೆ ಸೊರಗುತ್ತಿದ್ದ ಮೆಕೆನ್ಲಿ ಈ ಸಲ ಕೊನೆಯವರೆಗೂ ಸೊರಗಲಿಲ್ಲ. ಅವರ ಸುತ್ತಿಗೆ ಹಿಡಿದ ಹೊತ್ತು 44.6 ಸೆಕೆಂಡು. ಅಷ್ಟು ದೊಡ್ಡ ಅಂತರವನ್ನು ಅಳಿಸಿ, ಒಂದು ಹತ್ತಾಂಶ ಸೆಕೆಂಡಿನ ಮುನ್ನಡೆಯೊಂದಿಗೆ ಬ್ಯಾಟನ್ನನ್ನು ರೋಡನ್ ಅವರಿಗೆ ದಾಟಿಸಿದರು. ಕೊನೆಯ ಸುತ್ತಿನಲ್ಲಿ ರೋಡನ್ ಎದುರು ಇದ್ದವರು ಮತ್ತಾರೂ ಅಲ್ಲ, ಅದೇ ವಿಟ್‌ಫೀಲ್ಡ್. ಇಬ್ಬರೂ 45.5 ಸೆಕೆಂಡುಗಳಲ್ಲಿ ಸುತ್ತು ಮುಗಿಸಿದರು. ಮೆಕೆನ್ಲಿ ಕೊಟ್ಟಿದ್ದ ಆ ಹತ್ತಾಂಶವೇ ಕೊನೆಗೂ ಉಳಿಯಿತು. ಜಮೈಕ 3 ನಿಮಿಷ 3.9 ಸೆಕೆಂಡು, ಅಮೆರಿಕ 3 ನಿಮಿಷ 4 ಸೆಕೆಂಡು. 1932ರಿಂದ ಇಪ್ಪತ್ತು ವರ್ಷ ಅಲುಗದೆ ನಿಂತಿದ್ದ 3 ನಿಮಿಷ 8.2 ಸೆಕೆಂಡುಗಳ ವಿಶ್ವದಾಖಲೆ ನಾಲ್ಕು ಸೆಕೆಂಡುಗಳಿಗೂ ಹೆಚ್ಚಿನ ಅಂತರದಿಂದ ಮುರಿದುಬಿತ್ತು.

ಮೆಕೆನ್ಲಿ ಅವರ ಕೊರಳಿಗೆ ಅಂತೂ ಚಿನ್ನ ಬಂತು. ಅವರ ಬಾಳಿನ ಏಕೈಕ ಒಲಿಂಪಿಕ್ ಚಿನ್ನ. ವಿಂಟ್ ಅವರಿಗೆ ಇದು ಎರಡನೆಯ ಚಿನ್ನ, ಒಟ್ಟಿನಲ್ಲಿ ನಾಲ್ಕನೆಯ ಪದಕ. ಅಂಕಿಗಳಲ್ಲಿ ನೋಡಿದರೆ ಆ ದಿನ ಅವರ ಪಾಲು ದೊಡ್ಡದೇನಲ್ಲ. ಮೆರೆದವರು ಮೆಕೆನ್ಲಿ, ಮುಗಿಸಿದವರು ರೋಡನ್. ಆದರೆ ರಿಲೇ ಎಂಬುದು ಮೆರೆಯುವವನೊಬ್ಬನಿಂದ ಗೆಲ್ಲುವ ಓಟವಲ್ಲ. ತನ್ನ ಸುತ್ತನ್ನು ಲೋಪವಿಲ್ಲದೆ ಮುಗಿಸಿ ಬ್ಯಾಟನ್ನನ್ನು ಕೈಯಿಂದ ಕೈಗೆ ಕೊಡುವವನೂ ಬೇಕು. ನಾಲ್ಕು ವರ್ಷ ಹಿಂದೆ ಕೊಡಲಾಗದೆ ಹೋದದ್ದನ್ನು ವಿಂಟ್ ಅಂದು ಕೊಟ್ಟರು.

ಒಂದು ಪ್ಯಾರಿಷಿಗೆ ಒಬ್ಬರೇ ಡಾಕ್ಟರು

1953ರಲ್ಲಿ ವೆಂಬ್ಲಿಯಲ್ಲಿ ವಿಂಟ್ ತಮ್ಮ ಕೊನೆಯ ಓಟವನ್ನು ಓಡಿದರು. ಅದೇ ವರ್ಷ ವೈದ್ಯ ಶಿಕ್ಷಣವೂ ಪೂರ್ಣಗೊಂಡು ಡಾಕ್ಟರಾದರು. 1954ರಲ್ಲಿ ಬ್ರಿಟಿಷ್ ರಾಣಿಯಿಂದ ಎಂ.ಬಿ.ಇ. ಗೌರವವೂ ದೊರೆಯಿತು. ಒಲಿಂಪಿಕ್ ವಿಜೇತ, ಯುದ್ಧದಲ್ಲಿ ಸೇವೆ ಸಲ್ಲಿಸಿದ ಅಧಿಕಾರಿ, ಲಂಡನ್ನಿನ ಹೆಸರಾಂತ ಆಸ್ಪತ್ರೆಯಲ್ಲಿ ಕಲಿತ ವೈದ್ಯ. ಇಂಥವರಿಗೆ ಆ ಮಹಾನಗರದಲ್ಲಿಯೇ ನೆಲೆಯೂರಲು ಕಾರಣಗಳಿಗೆ ಕೊರತೆಯಿರಲಿಲ್ಲ. ಜಮೈಕದಿಂದ ಸಾವಿರಾರು ಮಂದಿ ಬ್ರಿಟನ್ನಿಗೆ ವಲಸೆ ಬರುತ್ತಿದ್ದ ವರ್ಷಗಳು ಅವು. ವಿಂಟ್ ಎದುರು ದಿಕ್ಕಿನ ಹಡಗು ಹತ್ತಿದರು. 1955ರಲ್ಲಿ ಜಮೈಕಕ್ಕೆ ಮರಳಿದರು.

ಮರಳಿದ್ದೂ ರಾಜಧಾನಿ ಕಿಂಗ್‌ಸ್ಟನ್ನಿಗಲ್ಲ. ದ್ವೀಪದ ವಾಯವ್ಯ ಮೂಲೆಯಲ್ಲಿ ಹ್ಯಾನೋವರ್ ಎಂಬ ಚಿಕ್ಕ ಪ್ಯಾರಿಷ್ ಇದೆ. ಸುಮಾರು 450 ಚದರ ಕಿಲೋಮೀಟರ್ ವಿಸ್ತಾರದ ಗುಡ್ಡಗಾಡು. ವಿಂಟ್ ಹೋಗಿ ನೆಲೆಸಿದ್ದು ಅಲ್ಲಿ. ಇಡೀ ಪ್ಯಾರಿಷಿನಲ್ಲಿ ಸ್ಥಳೀಯವಾಗಿ ವಾಸವಾಗಿದ್ದ ಡಾಕ್ಟರು ಅವರೊಬ್ಬರೇ.

ಹೀಗೆಂದರೆ ಏನೆಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ತೋಡು ತುಂಬಿದ ರಾತ್ರಿ ಹೆರಿಗೆ ನೋವು ಕಾಣಿಸಿಕೊಂಡವಳನ್ನು ಜೀಪಿನಲ್ಲಿ ಹಾಕಿಕೊಂಡು ಹೊರಟ ಅನುಭವ ನಮ್ಮ ಮಲೆಯ ಅಂಚಿನ ಊರುಗಳ ಮನೆಮನೆಯಲ್ಲಿದೆ. ಸಣ್ಣ ಕಾಯಿಲೆಗೂ ತಲಪಾಡಿ ದಾಟಿ ಮಂಗಳೂರಿಗೆ ಓಡುವ ಅಭ್ಯಾಸ ನಮ್ಮದು. ಊರಿನಲ್ಲಿಯೇ ಒಬ್ಬ ಡಾಕ್ಟರು ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸ ಎಷ್ಟೋ ಸಲ ಜೀವಕ್ಕೂ ಸಾವಿಗೂ ಇರುವ ವ್ಯತ್ಯಾಸ. ಒಬ್ಬರೇ ಆದ ಡಾಕ್ಟರಿಗೆ ಹಗಲಿಲ್ಲ, ರಾತ್ರಿಯಿಲ್ಲ, ಹಬ್ಬವಿಲ್ಲ. ಮಗುವಿನ ಜ್ವರದಿಂದ ಹಿಡಿದು ಕಬ್ಬು ಕಡಿಯುವಾಗ ಆದ ಗಾಯದವರೆಗೆ ಎಲ್ಲಕ್ಕೂ ಅವರೇ. ಒಂದು ನಿಮಿಷ 49 ಸೆಕೆಂಡುಗಳಲ್ಲಿ ಮುಗಿಯುವ ಓಟವಲ್ಲ ಇದು. ಗುರಿಯ ಗೆರೆಯೇ ಕಾಣದ ಓಟ.

1962ರ ಆಗಸ್ಟ್ 6ರಂದು ಜಮೈಕ ಸ್ವತಂತ್ರವಾಯಿತು. ತನ್ನದೇ ಧ್ವಜ, ತನ್ನದೇ ರಾಷ್ಟ್ರಗೀತೆ. ಅದೇ ವರ್ಷ ಕಿಂಗ್‌ಸ್ಟನ್ನಿನಲ್ಲಿ ರಾಷ್ಟ್ರೀಯ ಕ್ರೀಡಾಂಗಣ ತೆರೆಯಿತು. ಅದರ ಮುಂದೆ ಶಿಲ್ಪಿ ಆಲ್ವಿನ್ ಮ್ಯಾರಿಯಟ್ ರೂಪಿಸಿದ ಓಟಗಾರನ ಪ್ರತಿಮೆ ನಿಂತಿದೆ. ಅದು ದೇಶದ ಎಲ್ಲ ಓಟಗಾರರ ಸಂಕೇತ; ಆದರೂ ಅದರಲ್ಲಿ ವಿಂಟ್ ಅವರನ್ನೇ ಕಾಣುವವರು ಅನೇಕರು. ಕ್ರೀಡಾಂಗಣದ ಬಳಿಯ ರಸ್ತೆಗೆ ಆರ್ಥರ್ ವಿಂಟ್ ಡ್ರೈವ್ ಎಂದೇ ಹೆಸರು.

ಧ್ವಜ ಹೊತ್ತು ಮತ್ತೆ ಲಂಡನ್ನಿಗೆ

ಸ್ವತಂತ್ರ ಜಮೈಕ ತನ್ನ ಹಳ್ಳಿ ಡಾಕ್ಟರನ್ನು ಮರೆಯಲಿಲ್ಲ. 1973ರಲ್ಲಿ ರಾಷ್ಟ್ರೀಯ ಗೌರವ ಸಂದಿತು. 1974ರಲ್ಲಿ ಅವರನ್ನು ಬ್ರಿಟನ್ನಿಗೆ ಜಮೈಕದ ಹೈಕಮಿಷನರನ್ನಾಗಿ ನೇಮಿಸಲಾಯಿತು. ಸ್ವೀಡನ್ ಮತ್ತು ಡೆನ್ಮಾರ್ಕಿಗೂ ಅವರೇ ರಾಯಭಾರಿ. ಒಮ್ಮೆ ಬ್ರಿಟಿಷ್ ಸಾಮ್ರಾಜ್ಯದ ಪ್ರಜೆಯಾಗಿ, ವಾಯುಪಡೆಯ ಸಮವಸ್ತ್ರ ಧರಿಸಿ ಬಂದಿದ್ದ ನೆಲಕ್ಕೆ ಈಗ ಒಂದು ಸ್ವತಂತ್ರ ರಾಷ್ಟ್ರದ ಪ್ರತಿನಿಧಿಯಾಗಿ ಬಂದರು. ಅಷ್ಟು ವರ್ಷಗಳಲ್ಲಿ ಬ್ರಿಟನ್ನಿನಲ್ಲಿ ಜಮೈಕದವರ ದೊಡ್ಡ ಸಮುದಾಯವೇ ಬೆಳೆದಿತ್ತು. ಕೆಲಸ, ಮನೆ, ಶಾಲೆ ಎಲ್ಲೆಡೆಯೂ ಬಣ್ಣದ ತಾರತಮ್ಯವನ್ನು ಎದುರಿಸುತ್ತಿದ್ದವರು. ಬೇರೊಂದು ನಾಡಿನಲ್ಲಿ ಅಲ್ಪಸಂಖ್ಯಾತರಾಗಿ ಬಾಳುವವರಿಗೆ ತಮ್ಮವರೊಬ್ಬರು ಗೌರವದ ಸ್ಥಾನದಲ್ಲಿ ಕುಳಿತಿರುವುದನ್ನು ಕಂಡಾಗ ಆಗುವ ಧೈರ್ಯ ಎಂಥದೆಂದು ಗಡಿನಾಡಿನ ನಾವು ಬಲ್ಲೆವು.

1978ರಲ್ಲಿ ಆ ಹುದ್ದೆ ಮುಗಿಯಿತು. ವಿಂಟ್ ಆಗಲೂ ಲಂಡನ್ನಿನಲ್ಲಿ ಉಳಿಯಲಿಲ್ಲ. ತಾಯ್ನಾಡಿಗೆ ಮರಳಿ ಲಿನ್‌ಸ್ಟೆಡ್ ಎಂಬ ಪಟ್ಟಣದ ಆಸ್ಪತ್ರೆಯಲ್ಲಿ ಮತ್ತೆ ಡಾಕ್ಟರ ಕೆಲಸವನ್ನೇ ಕೈಗೊಂಡರು. ರಾಯಭಾರಿಯಾಗಿದ್ದವರು ಮತ್ತೆ ಸ್ಟೆತಸ್ಕೋಪ್ ಕೊರಳಿಗೆ ಹಾಕಿಕೊಂಡು ವಾರ್ಡು ಸುತ್ತುವುದು ಸಾಮಾನ್ಯ ಸಂಗತಿಯಲ್ಲ. ಪತ್ನಿ, ಮೂವರು ಹೆಣ್ಣುಮಕ್ಕಳ ಸಂಸಾರ. ಮಗಳೊಬ್ಬರು ಮುಂದೆ ತಂದೆಯ ಜೀವನಚರಿತ್ರೆಯನ್ನು ಬರೆದು ಪ್ರಕಟಿಸಿದರು.

ಜಮೈಕದಲ್ಲಿ ಪ್ರತಿ ವರ್ಷ ಅಕ್ಟೋಬರ್ ತಿಂಗಳ ಮೂರನೆಯ ಸೋಮವಾರ ರಾಷ್ಟ್ರವೀರರ ದಿನ. 1992ರಲ್ಲಿ ಆ ದಿನ ಬಿದ್ದದ್ದು ಅಕ್ಟೋಬರ್ 19ಕ್ಕೆ. ಅಂದೇ ಡಾ. ಆರ್ಥರ್ ವಿಂಟ್ ಲಿನ್‌ಸ್ಟೆಡ್‌ನಲ್ಲಿ ಕೊನೆಯುಸಿರೆಳೆದರು. ವಯಸ್ಸು 72.

ನಮಗೇನು?

ದೂರದ ದ್ವೀಪದ ಓಟಗಾರನೊಬ್ಬನ ಕತೆ ನಮಗೇಕೆ ಎಂದು ಯಾರಾದರೂ ಕೇಳಬಹುದು. ನಮ್ಮ ಶಾಲೆಗಳ ವಾರ್ಷಿಕ ಕ್ರೀಡಾಕೂಟಗಳಲ್ಲಿ ಇಂದಿಗೂ ಗದ್ದೆಯಂಚಿನ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ಮಕ್ಕಳನ್ನು ಬರಿಗಾಲಲ್ಲಿ ಓಡಿಸುತ್ತೇವೆ. ಸಣ್ಣ ಊರು, ಸಣ್ಣ ಭಾಷೆ, ಸಣ್ಣ ಶಾಲೆ. ಇಲ್ಲಿಂದ ಎಷ್ಟು ದೂರ ಹೋಗಬಲ್ಲರು ಎಂಬ ಅಳುಕು ಹೆತ್ತವರಲ್ಲಿದೆ. ಸಣ್ಣತನ ಓಟಕ್ಕೆ ಅಡ್ಡಿಯಲ್ಲ ಎಂಬುದಕ್ಕೆ ಪ್ಲೌಡೆನ್ ಎಂಬ ಹಳ್ಳಿಯ ಹುಡುಗ ಸಾಕ್ಷಿ.

ಆದರೆ ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ನಮ್ಮ ಮಕ್ಕಳು ಓದಿ ಮುಂದೆ ಬರುತ್ತಿದ್ದಾರೆ. ಬೆಂಗಳೂರಿಗೆ, ಕೊಲ್ಲಿ ನಾಡುಗಳಿಗೆ, ಇನ್ನೂ ದೂರಕ್ಕೆ ಹೋಗುತ್ತಿದ್ದಾರೆ. ಹೋಗುವುದು ತಪ್ಪಲ್ಲ. ಹೋಗದೆ ಯಾರೂ ಬೆಳೆಯಲಾರರು. ವಿಂಟ್ ಕೂಡ ಹದಿಮೂರು ವರ್ಷ ಹೊರನಾಡಿನಲ್ಲಿದ್ದೇ ಬೆಳೆದರು. ಪ್ರಶ್ನೆ ಇರುವುದು ಕೈಯಲ್ಲಿರುವ ಬ್ಯಾಟನ್ನನ್ನು ಕುರಿತು. ಊರು ಕೊಟ್ಟದ್ದನ್ನು ಹಿಡಿದು ಓಡಿದವರು ಅದನ್ನು ಮುಂದಿನವರ ಕೈಗೆ ಎಲ್ಲಿ, ಯಾವಾಗ ಕೊಡುತ್ತಾರೆ ಎಂಬುದು. ವಿಂಟ್ ಅದನ್ನು ಹೆಲ್ಸಿಂಕಿಯಲ್ಲಿ ಒಮ್ಮೆ ಕೊಟ್ಟರು, ಹ್ಯಾನೋವರಿನ ಗುಡ್ಡಗಳ ನಡುವೆ ವರ್ಷಗಟ್ಟಲೆ ಕೊಡುತ್ತಲೇ ಬಂದರು. ಪದಕಗಳ ಪಟ್ಟಿಯಲ್ಲಿ ಮೊದಲನೆಯದು ಮಾತ್ರ ದಾಖಲಾಗಿದೆ. ಎರಡನೆಯದರ ಲೆಕ್ಕ ಹ್ಯಾನೋವರಿನ ಮನೆಗಳಲ್ಲಿದೆ.